ಶಾಂತಿ ಒಪ್ಪಂದಗಳು ಮತ್ತು ಅಂತಾರಾಷ್ಟ್ರೀಯ ನಿರ್ಬಂಧಗಳು: ಲೈಬೀರಿಯಾ ದೇಶದ ಅನುಭವ

ವಿದೇಶಗಳೊಂದಿಗೆ ವ್ಯಾಪಾರ ನಡೆಸಲು, ಹಣ ರವಾನಿಸಲು ಅಥವಾ ಉದ್ಯೋಗ ನಿಮಿತ್ತ ಹೊರದೇಶಕ್ಕೆ ತೆರಳಲು ಅರ್ಜಿ ಸಲ್ಲಿಸುವ ನಾಗರಿಕರು ‘ವಿಶ್ವಸಂಸ್ಥೆಯ ನಿರ್ಬಂಧಕ್ಕೆ ಒಳಪಟ್ಟ ದೇಶ’ ಎಂಬ ಮಾತನ್ನು ಒಂದಲ್ಲ ಒಂದು ಕಡೆ ಓದಿರುತ್ತಾರೆ. ಇಂತಹ ನಿರ್ಬಂಧಗಳನ್ನು ಯಾರು ವಿಧಿಸುತ್ತಾರೆ, ಯಾವ ಕಾರಣಕ್ಕೆ ವಿಧಿಸುತ್ತಾರೆ ಮತ್ತು ಅವುಗಳನ್ನು ಯಾವಾಗ ತೆರವುಗೊಳಿಸಲಾಗುತ್ತದೆ ಎಂಬ ಬಗ್ಗೆ ಸಾಮಾನ್ಯ ಅರ್ಜಿದಾರರಿಗೆ ಮಾಹಿತಿ ದೊರೆಯುವುದು ವಿರಳ. ನಿರ್ಬಂಧವೆಂದರೆ ತಪ್ಪು ಮಾಡಿದ ದೇಶಕ್ಕೆ ವಿಧಿಸುವ ಶಿಕ್ಷೆ ಎಂಬ ಭಾವನೆಯೇ ವ್ಯಾಪಕವಾಗಿದೆ. ಆದರೆ ಯುದ್ಧ ನಿಂತು, ಶಾಂತಿ ಒಪ್ಪಂದಕ್ಕೆ ಸಹಿಯಾದ ನಂತರವೂ ನಿರ್ಬಂಧಗಳನ್ನು ಮುಂದುವರಿಸಿದ ಉದಾಹರಣೆಗಳಿವೆ. ಶಿಕ್ಷೆಯೊಂದೇ ಉದ್ದೇಶವಾಗಿದ್ದಲ್ಲಿ ಹೀಗೆ ಮಾಡುವ ಅಗತ್ಯವಿರಲಿಲ್ಲ. ಸದರಿ ವಿಷಯವನ್ನು ಪಶ್ಚಿಮ ಆಫ್ರಿಕಾದ ಲೈಬೀರಿಯಾ ದೇಶದ ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

ವಿಶ್ವಸಂಸ್ಥೆಯ ಸನ್ನದಿನ ಏಳನೇ ಅಧ್ಯಾಯದ 41ನೇ ವಿಧಿಯು ಸೈನ್ಯಬಲವನ್ನು ಬಳಸದೆ ಕೈಗೊಳ್ಳಬಹುದಾದ ಕ್ರಮಗಳ ಅಧಿಕಾರವನ್ನು ಭದ್ರತಾ ಮಂಡಳಿಗೆ ನೀಡಿದೆ. ಮಂಡಳಿಯ ಇಂತಹ ನಿರ್ಣಯಗಳನ್ನು ಭಾರತದಲ್ಲಿ ಜಾರಿಗೊಳಿಸಲು ವಿಶ್ವಸಂಸ್ಥೆ (ಭದ್ರತಾ ಮಂಡಳಿ) ಅಧಿನಿಯಮ, 1947ರ ಅಡಿಯಲ್ಲಿ ಕೇಂದ್ರ ಸರ್ಕಾರವು ಆದೇಶಗಳನ್ನು ಹೊರಡಿಸಬಹುದಾಗಿದೆ. 1990ರಲ್ಲಿ ಇರಾಕ್ ಮೇಲೆ ವಿಧಿಸಲಾದ ಸಮಗ್ರ ನಿರ್ಬಂಧದಿಂದ ಆಡಳಿತಗಾರರಿಗಿಂತ ಹೆಚ್ಚಾಗಿ ಜನಸಾಮಾನ್ಯರೇ ನೊಂದರು. ಆ ಅನುಭವದ ನಂತರ ನಿರ್ದಿಷ್ಟ ವ್ಯಕ್ತಿಗಳು, ನಿರ್ದಿಷ್ಟ ಸರಕುಗಳು ಹಾಗೂ ಶಸ್ತ್ರಾಸ್ತ್ರಗಳಿಗೆ ಮಾತ್ರ ಸೀಮಿತವಾದ ನಿರ್ಬಂಧಗಳು ರೂಢಿಗೆ ಬಂದವು. ಲೈಬೀರಿಯಾಕ್ಕೆ ಅನ್ವಯಿಸಿದ್ದು ಈ ಎರಡನೆಯ ಬಗೆಯದು.

ಲೈಬೀರಿಯಾದ ಅಂತರ್ಯುದ್ಧವು 1989ರ ಡಿಸೆಂಬರ್ ತಿಂಗಳಲ್ಲಿ ಚಾರ್ಲ್ಸ್ ಟೇಲರ್ ನೇತೃತ್ವದ ಬಂಡುಕೋರರ ದಾಳಿಯಿಂದ ಆರಂಭವಾಯಿತು. ನಡುವೆ ಕೆಲಕಾಲ ನಿಂತು, ಪುನಃ ಹೊತ್ತಿಕೊಂಡು, 2003ರಲ್ಲಿ ಕೊನೆಗೊಂಡ ಈ ಯುದ್ಧಗಳಲ್ಲಿ ಸುಮಾರು ಎರಡೂವರೆ ಲಕ್ಷ ಜನರು ಮೃತಪಟ್ಟರೆಂದು ಅಂದಾಜಿಸಲಾಗಿದೆ. 1992ರಲ್ಲಿಯೇ ಭದ್ರತಾ ಮಂಡಳಿಯು ಶಸ್ತ್ರಾಸ್ತ್ರ ಸರಬರಾಜನ್ನು ನಿಷೇಧಿಸಿತ್ತು. ಆದರೆ ಬಂದೂಕು ಕೊಳ್ಳುವ ಹಣ ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಯನ್ನು ಆ ನಿರ್ಣಯವು ಕೇಳಿರಲಿಲ್ಲ. ಹಣದ ಮೂಲ ಬತ್ತದೆ ಸರಕಿನ ಮೇಲೆ ಮಾತ್ರ ನಿಷೇಧ ಹೇರಿದರೆ ಸರಕಿನ ಬೆಲೆ ಏರುತ್ತದೆಯೇ ಹೊರತು ವ್ಯಾಪಾರ ನಿಲ್ಲುವುದಿಲ್ಲ ಎಂಬುದು ವಾಣಿಜ್ಯದ ಪಾಠ. ಲೈಬೀರಿಯಾದಲ್ಲಿ ಆದದ್ದೂ ಅದೇ.

ಉತ್ತರವು ನೆರೆಯ ಸಿಯೆರಾ ಲಿಯೋನ್ ದೇಶದ ಘಟನೆಗಳಿಂದ ಹೊರಬಂದಿತು. ಅಲ್ಲಿ 1999ರ ಜುಲೈ ತಿಂಗಳಲ್ಲಿ ಆದ ಲೋಮೆ ಒಪ್ಪಂದದಲ್ಲಿ ಬಂಡುಕೋರ ನಾಯಕ ಫೋಡೆ ಸಾಂಕೋ ಅವರಿಗೆ ಉಪಾಧ್ಯಕ್ಷರಿಗೆ ಸಮನಾದ ಸ್ಥಾನಮಾನವನ್ನೂ, ವಜ್ರ ಮೊದಲಾದ ಖನಿಜಗಳ ಆಯೋಗದ ಅಧ್ಯಕ್ಷತೆಯನ್ನೂ ನೀಡಲಾಯಿತು. ಯುದ್ಧಕ್ಕೆ ಹಣ ಒದಗಿಸಿದ ಗಣಿಗಳನ್ನೇ ಯುದ್ಧ ಮಾಡಿದವರ ಕೈಗೆ ಒಪ್ಪಿಸಿದ ಈ ಒಪ್ಪಂದವು ಒಂದು ವರ್ಷವೂ ಬಾಳಲಿಲ್ಲ. 2000ನೇ ಇಸವಿಯ ಮೇ ತಿಂಗಳಲ್ಲಿ ಬಂಡುಕೋರರು ಸುಮಾರು 500 ಮಂದಿ ಶಾಂತಿಪಾಲಕರನ್ನು ಒತ್ತೆಯಾಗಿ ಹಿಡಿದರು. ಕೈಲಾಹುನ್ ಪ್ರದೇಶದಲ್ಲಿ ಸುತ್ತುವರಿಯಲ್ಪಟ್ಟಿದ್ದ ಭಾರತೀಯ ಯೋಧರನ್ನು ಅದೇ ವರ್ಷದ ಜುಲೈನಲ್ಲಿ ‘ಆಪರೇಷನ್ ಖುಕ್ರಿ’ ಕಾರ್ಯಾಚರಣೆಯ ಮೂಲಕ ಬಿಡಿಸಬೇಕಾಯಿತು. ಅದೇ ತಿಂಗಳು ಭದ್ರತಾ ಮಂಡಳಿಯು ಮೂಲ ಪ್ರಮಾಣಪತ್ರವಿಲ್ಲದ ಸಿಯೆರಾ ಲಿಯೋನ್ ವಜ್ರಗಳ ಖರೀದಿಯನ್ನು ನಿಷೇಧಿಸಿತು.

ವಜ್ರಗಳು ಹೊರಹೋಗುತ್ತಿದ್ದ ದಾರಿ ಲೈಬೀರಿಯಾ. ಇದನ್ನು ಪತ್ತೆ ಮಾಡಲು ಗೂಢಚಾರರ ಅಗತ್ಯವೂ ಇರಲಿಲ್ಲ. ಲೈಬೀರಿಯಾದ ಗಣಿಗಳ ವಾರ್ಷಿಕ ಸಾಮರ್ಥ್ಯ ಹೆಚ್ಚೆಂದರೆ ಒಂದೂವರೆ ಲಕ್ಷ ಕ್ಯಾರಟ್ ಎಂದು ಅಂದಾಜಿಸಲಾಗಿತ್ತು. 1994ರಿಂದ 1998ರವರೆಗೆ ಆ ದೇಶದಿಂದ ಬಂದವೆಂದು ಬೆಲ್ಜಿಯಂ ದೇಶದ ಆಮದು ದಾಖಲೆಗಳಲ್ಲಿ ನಮೂದಾದ ವಜ್ರಗಳ ಪ್ರಮಾಣ 3.1 ಕೋಟಿ ಕ್ಯಾರಟ್‌ಗಳಿಗೂ ಅಧಿಕ. ಅಂದರೆ ವರ್ಷಕ್ಕೆ ಸರಾಸರಿ 60 ಲಕ್ಷ ಕ್ಯಾರಟ್! ದಾಸ್ತಾನು ಪುಸ್ತಕ ಮತ್ತು ಮಾರಾಟ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಯಾವ ಗುಮಾಸ್ತನಿಗೂ ತಿಳಿಯುವ ವ್ಯತ್ಯಾಸವನ್ನು ವರ್ಷಗಟ್ಟಲೆ ಯಾರೂ ಪ್ರಶ್ನಿಸಿರಲಿಲ್ಲ.

ಈ ಹಿನ್ನೆಲೆಯಲ್ಲಿ 2001ರ ಮಾರ್ಚ್ ತಿಂಗಳ 1343ನೇ ನಿರ್ಣಯದ ಮೂಲಕ ಲೈಬೀರಿಯಾದ ವಜ್ರಗಳನ್ನು ನಿಷೇಧಿಸಿ, ಅಲ್ಲಿನ ಆಡಳಿತಗಾರರ ವಿದೇಶ ಪ್ರಯಾಣವನ್ನು ನಿರ್ಬಂಧಿಸಲಾಯಿತು. ಆಗ ಅಧ್ಯಕ್ಷರಾಗಿದ್ದ ಟೇಲರ್ ಅವರ ಸರ್ಕಾರವು ಮರದ ದಿಮ್ಮಿಗಳ ಆದಾಯವನ್ನು ಅವಲಂಬಿಸಿತು. 2003ರ ಜುಲೈನಿಂದ ಮರದ ರಫ್ತಿಗೂ ನಿಷೇಧ ಅನ್ವಯವಾಯಿತು. ಆಗಸ್ಟ್ 11ರಂದು ಟೇಲರ್ ಅಧಿಕಾರ ತ್ಯಜಿಸಿ ನೈಜೀರಿಯಾಕ್ಕೆ ತೆರಳಿದರು. ಆಗಸ್ಟ್ 18ರಂದು ಘಾನಾ ದೇಶದ ಅಕ್ರಾ ನಗರದಲ್ಲಿ ಸಮಗ್ರ ಶಾಂತಿ ಒಪ್ಪಂದಕ್ಕೆ ಸಹಿ ಹಾಕಲಾಯಿತು. ನಿರ್ಬಂಧದಿಂದಲೇ ಟೇಲರ್ ಪತನವಾಯಿತು ಎಂದು ಹೇಳುವುದು ಅತಿಶಯೋಕ್ತಿಯಾದೀತು. ಬಂಡುಕೋರರು ರಾಜಧಾನಿ ಮನ್ರೋವಿಯಾವನ್ನು ಮುತ್ತಿದ್ದರು ಹಾಗೂ ನೆರೆಯ ದೇಶಗಳ ಒತ್ತಡವೂ ಇತ್ತು.

ಗಮನಿಸಬೇಕಾದ ಅಂಶವು ಇದರ ನಂತರದ್ದು. ಒಪ್ಪಂದವಾಗಿ ನಾಲ್ಕು ತಿಂಗಳಾದ ಮೇಲೆ, 2003ರ ಡಿಸೆಂಬರ್ 22ರಂದು, ಮಂಡಳಿಯು 1521ನೇ ನಿರ್ಣಯದ ಮೂಲಕ ಹಳೆಯ ನಿರ್ಬಂಧಗಳನ್ನು ರದ್ದುಪಡಿಸಿ ಅದೇ ಸರಕುಗಳ ಮೇಲೆ ಹೊಸ ನಿರ್ಬಂಧಗಳನ್ನು ವಿಧಿಸಿತು. ಈ ಬಾರಿ ತೆರವಿನ ಷರತ್ತುಗಳು ಬದಲಾದವು. ವಜ್ರದ ನಿಷೇಧ ತೆರವಾಗಬೇಕಾದರೆ ಹೊರಗಿನವರು ಪರಿಶೀಲಿಸಬಹುದಾದ ಮೂಲ ಪ್ರಮಾಣಪತ್ರದ ವ್ಯವಸ್ಥೆ ಇರಬೇಕು. ಮರದ ನಿಷೇಧ ತೆರವಾಗಬೇಕಾದರೆ ಅರಣ್ಯ ಪ್ರದೇಶಗಳು ಸರ್ಕಾರದ ಪೂರ್ಣ ಹತೋಟಿಯಲ್ಲಿರಬೇಕು ಮತ್ತು ಮರದ ಆದಾಯವು ಜನರ ಹಿತಕ್ಕೆ ಬಳಕೆಯಾಗಬೇಕು. ಶಾಂತಿ ಒಪ್ಪಂದದಲ್ಲಿ ನೀಡಿದ ಭರವಸೆಗಳು ಹೀಗೆ ಕಡತದಲ್ಲಿ ತೋರಿಸಬಹುದಾದ ಕೆಲಸಗಳಾಗಿ ಮಾರ್ಪಟ್ಟವು. ಅರ್ಜಿದಾರನ ಸ್ಥಾನದಲ್ಲಿ ಈಗ ಲೈಬೀರಿಯಾ ಸರ್ಕಾರವೇ ನಿಂತಿತ್ತು.

ಅರಣ್ಯದ ಕಡತಗಳನ್ನು ತೆರೆದಾಗ ಕಂಡುಬಂದ ಸ್ಥಿತಿ ಆಶ್ಚರ್ಯಕರವಾಗಿತ್ತು. ಗುತ್ತಿಗೆಗಳನ್ನು ಪರಿಶೀಲಿಸಲು ನೇಮಿಸಿದ ಸಮಿತಿಯು, ಕಾನೂನಿನ ಕನಿಷ್ಠ ಅಗತ್ಯಗಳನ್ನು ಪೂರೈಸಿದ ಗುತ್ತಿಗೆದಾರ ಒಬ್ಬನೂ ಇಲ್ಲವೆಂದು ವರದಿ ಮಾಡಿತು. ಎಲ್ಲ ಗುತ್ತಿಗೆದಾರರೂ ತಮ್ಮದೆಂದು ಹೇಳಿಕೊಂಡ ಪ್ರದೇಶಗಳನ್ನು ಕೂಡಿದಾಗ ಮೊತ್ತವು ದೇಶದ ಒಟ್ಟು ಅರಣ್ಯ ವಿಸ್ತೀರ್ಣದ ಸುಮಾರು ಎರಡೂವರೆ ಪಟ್ಟು ಆಗುತ್ತಿತ್ತು. ಒಂದೇ ಕಾಡನ್ನು ಇಬ್ಬರಿಗೆ, ಮೂವರಿಗೆ ಕೊಟ್ಟಿದ್ದರು ಎಂದು ಇದರ ಅರ್ಥ. 2006ರ ಜನವರಿಯಲ್ಲಿ ಅಧಿಕಾರ ಸ್ವೀಕರಿಸಿದ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ ಅವರು ಮರುತಿಂಗಳೇ ತಮ್ಮ ಮೊದಲನೆಯ ಕಾರ್ಯಾದೇಶದ ಮೂಲಕ ಎಲ್ಲ ಅರಣ್ಯ ಗುತ್ತಿಗೆಗಳನ್ನು ರದ್ದುಪಡಿಸಿದರು.

ಜೂನ್ ತಿಂಗಳಲ್ಲಿ ಮಂಡಳಿಯು ಮರದ ನಿಷೇಧವನ್ನು ನವೀಕರಿಸಲಿಲ್ಲ; ಆದರೆ ಹೊಸ ಅರಣ್ಯ ಕಾಯ್ದೆಯು 90 ದಿನಗಳಲ್ಲಿ ಅಂಗೀಕಾರವಾಗದಿದ್ದಲ್ಲಿ ನಿಷೇಧವನ್ನು ಮರಳಿ ಜಾರಿಗೊಳಿಸುವುದಾಗಿ ಎಚ್ಚರಿಸಿತು. ಕಾಯ್ದೆ ಅಂಗೀಕಾರವಾಯಿತು. ಕಡಿದ ಮರವನ್ನು ಬುಡದಿಂದ ಬಂದರಿನವರೆಗೆ ಗುರುತಿಸಬಲ್ಲ ವ್ಯವಸ್ಥೆಯನ್ನೂ ರೂಪಿಸಲಾಯಿತು. ಮಲೆನಾಡಿನಲ್ಲಿ ಸ್ವಂತ ಜಮೀನಿನ ಮರ ಸಾಗಿಸಲು ಪರವಾನಗಿಗಾಗಿ ಅಲೆದವರಿಗೆ ಇದರ ಸ್ವರೂಪವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಣಕಾಸಿನ ಹತೋಟಿಗಾಗಿ 2005ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಏರ್ಪಾಡು ಆಗಿತ್ತು. ಇದರಂತೆ ಲೈಬೀರಿಯಾದ ಕೇಂದ್ರ ಬ್ಯಾಂಕು, ಬಂದರು ಮೊದಲಾದ ಸಂಸ್ಥೆಗಳಲ್ಲಿ ದೇಶದ ಅಧಿಕಾರಿಯ ಸಹಿಯ ಜೊತೆಗೆ ವಿದೇಶೀ ತಜ್ಞರ ಸಹಿಯೂ ಬೀಳದೆ ಹಣ ಪಾವತಿಯಾಗುವಂತಿರಲಿಲ್ಲ. ಸ್ವತಂತ್ರ ರಾಷ್ಟ್ರವೊಂದರ ಖಜಾನೆಗೆ ಪರದೇಶಿಯ ಸಹಿ ಬೇಕೆಂಬುದು ಗೌರವದ ಪ್ರಶ್ನೆಯೂ ಹೌದು, ಮತ್ತು ಅದನ್ನು ಅಲ್ಲಿ ಹಲವರು ಎತ್ತಿದರು. ವಸಾಹತು ಆಳ್ವಿಕೆಯನ್ನು ಕಂಡ ನಮಗೆ ಆ ಮುಜುಗರ ಅರ್ಥವಾಗುವಂಥದ್ದು. ಆದರೂ ಸಿಬ್ಬಂದಿಯ ಸಂಬಳಕ್ಕೇ ಖಾತ್ರಿಯಿಲ್ಲದ ಖಜಾನೆಯಲ್ಲಿ ಎರಡು ಸಹಿಯ ಪದ್ಧತಿಯಿಂದ ಅನುಕೂಲವಾಯಿತೆಂದೇ ಹೇಳಬೇಕಾಗುತ್ತದೆ.

ವಜ್ರದ ವಿಷಯದಲ್ಲಿ ಹೆಚ್ಚು ಕಾಲ ಹಿಡಿಯಿತು. 2003ರ ಜನವರಿ 1ರಿಂದ ಕಿಂಬರ್ಲಿ ಪ್ರಕ್ರಿಯೆ ಎಂಬ ಪ್ರಮಾಣೀಕರಣ ವ್ಯವಸ್ಥೆಯು ಜಾರಿಯಲ್ಲಿದ್ದು, ಸದಸ್ಯ ರಾಷ್ಟ್ರಗಳ ನಡುವೆ ಮಾತ್ರ, ಪ್ರಮಾಣಪತ್ರ ಸಹಿತವಾಗಿ, ಕಚ್ಚಾ ವಜ್ರದ ವ್ಯಾಪಾರ ನಡೆಯಬೇಕಾಗಿರುತ್ತದೆ. ಜಗತ್ತಿನ ಬಹುಪಾಲು ವಜ್ರಗಳಿಗೆ ಸೂರತ್ ನಗರದಲ್ಲಿ ಸಾಣೆ ಹಿಡಿಯಲಾಗುವುದರಿಂದ ಈ ವ್ಯವಸ್ಥೆಯಲ್ಲಿ ಭಾರತದ ಪಾತ್ರ ದೊಡ್ಡದು. 2008 ಮತ್ತು 2019ರಲ್ಲಿ ಭಾರತವು ಇದರ ಅಧ್ಯಕ್ಷತೆಯನ್ನು ವಹಿಸಿತ್ತು. ಲೈಬೀರಿಯಾದಲ್ಲಿ ಗಣಿ ಕಚೇರಿಗಳು, ಮೌಲ್ಯಮಾಪಕರು, ನೋಂದಣಿ ಪುಸ್ತಕಗಳು ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಮಂಡಳಿಯು ವಜ್ರದ ನಿಷೇಧವನ್ನು 2007ರ ಏಪ್ರಿಲ್ 27ರಂದು ತೆರವುಗೊಳಿಸಿತು. ಮೇ ತಿಂಗಳಲ್ಲಿ ಲೈಬೀರಿಯಾವು ಕಿಂಬರ್ಲಿ ಪ್ರಕ್ರಿಯೆಗೆ ಸೇರ್ಪಡೆಯಾಯಿತು.

ಈ ಮೂರೂವರೆ ವರ್ಷಗಳ ಕಾಯುವಿಕೆಯ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ಮರೆಮಾಚುವುದು ಸರಿಯಲ್ಲ. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಆಯುಧ ತ್ಯಜಿಸುವ ಕಾರ್ಯಕ್ರಮದಲ್ಲಿ ನೋಂದಾಯಿಸಿಕೊಂಡಿದ್ದರು. ಅವರಿಗೆ ಕೂಲಿ ಕೊಡಬಲ್ಲ ಮರದ ಉದ್ಯಮ, ವಜ್ರದ ಹೊಂಡ ಎರಡೂ ಕಾನೂನುಬದ್ಧವಾಗಿ ಮುಚ್ಚಿದ್ದವು. ನಿಷೇಧವಿಲ್ಲದಿದ್ದ ರಬ್ಬರ್ ತೋಟಗಳತ್ತ ಮಾಜಿ ಹೋರಾಟಗಾರರು ನುಗ್ಗಿದರು. ಅವರ ವಶದಲ್ಲಿದ್ದ ಗಥ್ರಿ ತೋಟವನ್ನು ಸರ್ಕಾರವು 2006ರ ಆಗಸ್ಟ್‌ನಲ್ಲಷ್ಟೇ ಮರಳಿ ಪಡೆಯಲು ಸಾಧ್ಯವಾಯಿತು. ಒಂದು ಬಾಗಿಲು ಮುಚ್ಚಿದಾಗ ಪಕ್ಕದ ಬಾಗಿಲಲ್ಲಿ ಕಾವಲಿರಬೇಕಾಗುತ್ತದೆ. ಲೈಬೀರಿಯಾದಲ್ಲಿ ಆ ಕಾವಲನ್ನು 15,000 ಸೈನಿಕರ ಮಂಜೂರಾತಿಯಿದ್ದ ವಿಶ್ವಸಂಸ್ಥೆಯ ಪಡೆಯು ವಹಿಸಿಕೊಂಡಿತು. 2007ರ ಆರಂಭದಲ್ಲಿ ಭಾರತದಿಂದ ತೆರಳಿದ, ನೂರಕ್ಕೂ ಹೆಚ್ಚು ಮಹಿಳಾ ಸಿಬ್ಬಂದಿಯಿದ್ದ ಪೊಲೀಸ್ ದಳವು ಇದರ ಭಾಗವಾಗಿತ್ತು. ವಿಶ್ವಸಂಸ್ಥೆಯ ಇತಿಹಾಸದಲ್ಲಿಯೇ ಸಂಪೂರ್ಣ ಮಹಿಳೆಯರಿಂದ ಕೂಡಿದ ಮೊದಲ ಪೊಲೀಸ್ ದಳ ಇದಾಗಿದ್ದು, 2016ರವರೆಗೆ ಮನ್ರೋವಿಯಾದಲ್ಲಿ ಸೇವೆ ಸಲ್ಲಿಸಿತು. ಈ ಕಾವಲಿಲ್ಲದಿದ್ದಲ್ಲಿ ಕೇವಲ ನಿರ್ಣಯಗಳಿಂದ ಶಾಂತಿ ಉಳಿಯುತ್ತಿತ್ತೆಂದು ಭಾವಿಸಲು ಆಧಾರವಿಲ್ಲ.

ಸುಧಾರಣೆಗಳು ಶಾಶ್ವತವಾದವು ಎಂದೂ ಹೇಳಲಾಗದು. 2010ರ ನಂತರ ಖಾಸಗಿ ಬಳಕೆಯ ಪರವಾನಗಿ ಎಂಬ ಹೆಸರಿನಲ್ಲಿ ದೇಶದ ಭೂಪ್ರದೇಶದ ಸುಮಾರು ನಾಲ್ಕನೇ ಒಂದು ಭಾಗವನ್ನು ಮರ ಕಡಿಯುವವರಿಗೆ ನೀಡಿರುವುದು ಬೆಳಕಿಗೆ ಬಂದಿತು. ಆದರೆ ಈ ಬಾರಿ ಕಾಯ್ದೆಯಿತ್ತು, ದಾಖಲೆಗಳಿದ್ದವು. ಸರ್ಕಾರವೇ ನೇಮಿಸಿದ ತನಿಖಾ ಸಮಿತಿಯು 2012ರಲ್ಲಿ ಅಕ್ರಮಗಳನ್ನು ಬಯಲಿಗೆಳೆಯಿತು. ಪ್ರಯಾಣ ಹಾಗೂ ಆಸ್ತಿಗಳ ಮೇಲಿನ ನಿರ್ಬಂಧಗಳು 2015ರಲ್ಲಿ, ಶಸ್ತ್ರಾಸ್ತ್ರ ನಿಷೇಧವು 2016ರ ಮೇ ತಿಂಗಳಲ್ಲಿ ಕೊನೆಗೊಂಡವು. ಶಾಂತಿಪಾಲನಾ ಪಡೆಯು 2018ರ ಮಾರ್ಚ್‌ನಲ್ಲಿ ಹಿಂತಿರುಗಿತು. 2018 ಮತ್ತು 2024ರಲ್ಲಿ ಚುನಾವಣೆಯ ಮೂಲಕ ಅಧಿಕಾರವು ಶಾಂತಿಯುತವಾಗಿ ಹಸ್ತಾಂತರವಾಗಿದೆ.

ಇದೇ ಕ್ರಮವನ್ನು ಅನುಸರಿಸಿಯೂ ಬೇರೆ ಫಲ ಕಂಡ ದೇಶ ದಕ್ಷಿಣ ಸುಡಾನ್. ಅಲ್ಲಿ 2018ರ ಜುಲೈನಲ್ಲಿ ಶಸ್ತ್ರಾಸ್ತ್ರ ನಿಷೇಧ ಜಾರಿಯಾಯಿತು, ಸೆಪ್ಟೆಂಬರ್‌ನಲ್ಲಿ ಪರಿಷ್ಕೃತ ಶಾಂತಿ ಒಪ್ಪಂದವಾಯಿತು. ನಿಷೇಧದ ತೆರವಿಗಾಗಿ 2021ರಲ್ಲಿ ಮಂಡಳಿಯು ಐದು ಮಾನದಂಡಗಳನ್ನು ನಿಗದಿಪಡಿಸಿತು. ಏಕೀಕೃತ ಸೇನೆಯ ರಚನೆ, ಆಯುಧಗಳ ದಾಸ್ತಾನಿನ ನಿರ್ವಹಣೆ ಮೊದಲಾದವು ಅವುಗಳಲ್ಲಿ ಸೇರಿವೆ. ಲೈಬೀರಿಯಾದ ಮರ ಮತ್ತು ವಜ್ರಗಳಂತೆ ಇಲ್ಲಿ ತೈಲದ ಆದಾಯಕ್ಕೆ ಯಾವ ಷರತ್ತೂ ತಗುಲಿಲ್ಲ. ತೈಲವೇ ಆ ಸರ್ಕಾರದ ಮುಖ್ಯ ಆದಾಯ. ಆದುದರಿಂದ ತೆರವಿಗಾಗಿ ಅರ್ಜಿ ಹಿಡಿದು ನಿಲ್ಲುವ ಅವಸರ ಅಲ್ಲಿನ ನಾಯಕರಿಗೆ ಇದ್ದಂತೆ ಕಾಣುವುದಿಲ್ಲ. ನಿಷೇಧದ ನವೀಕರಣವು 2022ರ ಮೇ ತಿಂಗಳಲ್ಲಿ ಮತಕ್ಕೆ ಬಂದಾಗ, ಆಗ ಮಂಡಳಿಯ ಸದಸ್ಯನಾಗಿದ್ದ ಭಾರತವು ಚೀನಾ, ರಷ್ಯಾ, ಕೀನ್ಯಾ ಮತ್ತು ಗೆಬಾನ್ ದೇಶಗಳೊಂದಿಗೆ ಮತದಾನದಿಂದ ದೂರ ಉಳಿಯಿತು. ಅಲ್ಲಿನ ಚುನಾವಣೆಯನ್ನು 2026ರ ಡಿಸೆಂಬರ್‌ಗೆ ಮುಂದೂಡಲಾಗಿದ್ದು, ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬರಾದ ರೀಕ್ ಮಚಾರ್ ಅವರನ್ನು 2025ರ ಮಾರ್ಚ್‌ನಲ್ಲಿ ಗೃಹಬಂಧನದಲ್ಲಿ ಇರಿಸಲಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ನಿಷೇಧವನ್ನು ಪುನಃ ಒಂದು ವರ್ಷದ ಅವಧಿಗೆ ವಿಸ್ತರಿಸಲಾಯಿತು.