ಲೆಕ್ಕದ ಯಂತ್ರ: ಕೊಳ್ಳಬೇಕೇ, ಬಾಡಿಗೆಗೆ ಪಡೆಯಬೇಕೇ?



ಸಂಘದ ಕಚೇರಿಯಲ್ಲಿರುವ ಸರ್ವರ್ ಯಂತ್ರಕ್ಕೆ ವಯಸ್ಸಾಗಿದೆ. ಹೊಸದನ್ನು ಕೊಳ್ಳುವುದೋ, ಲೆಕ್ಕಪತ್ರಗಳನ್ನೆಲ್ಲ ‘ಕ್ಲೌಡ್’ ವ್ಯವಸ್ಥೆಗೆ ವರ್ಗಾಯಿಸುವುದೋ ಎಂಬ ಪ್ರಶ್ನೆ ಮುಂದಿನ ಮಹಾಸಭೆಯ ಮುಂದೆ ಬರಲಿದೆ. ಖರ್ಚಾಗುವುದು ಸದಸ್ಯರ ಹಣ. ಮೈಸೂರಿನ ಕಚೇರಿಯಲ್ಲಿ ಕುಳಿತವರಷ್ಟೇ ತೀರ್ಮಾನಿಸತಕ್ಕ ವಿಷಯ ಇದಲ್ಲ. ಆದುದರಿಂದ ನಮ್ಮ ಅಭಿಪ್ರಾಯವನ್ನು ಮುಂಚಿತವಾಗಿಯೇ ತಮ್ಮ ಮುಂದಿಡುತ್ತಿದ್ದೇವೆ.

ಕ್ಲೌಡ್ ಎಂಬುದು ಆಕಾಶದಲ್ಲಿರುವ ವಸ್ತುವಲ್ಲ. ದೊಡ್ಡ ಸಂಸ್ಥೆಗಳು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳ ಕಟ್ಟಡಗಳಲ್ಲಿ ಸಾವಿರಾರು ಯಂತ್ರಗಳನ್ನಿಟ್ಟಿವೆ. ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ ನಮ್ಮ ದೇಶದಲ್ಲಿ ಇಂಥ ಕೇಂದ್ರಗಳನ್ನು ತೆರೆದವು. ಇಂಟರ್‌ನೆಟ್ ಮೂಲಕ ಅವನ್ನು ಬಳಸಿ, ಬಳಸಿದಷ್ಟಕ್ಕೆ ಬಾಡಿಗೆ ಕೊಡುವುದೇ ಕ್ಲೌಡ್ ಪದ್ಧತಿ. ನಮಗಿದು ತೀರ ಹೊಸದೇನಲ್ಲ. ನಮ್ಮಲ್ಲಿ ಎಷ್ಟು ಮಂದಿ ಸ್ವಂತ ಕ್ಯೂರಿಂಗ್ ಯಂತ್ರ ಇಟ್ಟುಕೊಂಡಿದ್ದೇವೆ? ಕಾಫಿಯನ್ನು ಹುಣಸೂರಿಗೋ ಕುಶಾಲನಗರಕ್ಕೋ ಕಳುಹಿಸಿ, ಕೂಲಿ ಕೊಟ್ಟು ಕ್ಯೂರಿಂಗ್ ಮಾಡಿಸುತ್ತೇವೆ. ವರ್ಷದಲ್ಲಿ ಕೆಲವೇ ತಿಂಗಳು ಕೆಲಸವಿರುವ ಯಂತ್ರಕ್ಕೆ ಬಂಡವಾಳ ಹೂಡುವುದು ಜಾಣತನವಲ್ಲವೆಂದು ಬಲ್ಲೆವು.

ಸಂಘದ ಲೆಕ್ಕದ ಕೆಲಸವೂ ಹೀಗೆಯೇ. ಕುಯಿಲಿನ ತಿಂಗಳುಗಳಲ್ಲಿ ತೂಕದ ಚೀಟಿ, ಮುಂಗಡ, ಬಟವಾಡೆಗಳ ನೂಕುನುಗ್ಗಲು, ಮಳೆಗಾಲದಲ್ಲಿ ಬಿಡುವು. ಸ್ವಂತ ಸರ್ವರನ್ನಾದರೆ ನೂಕುನುಗ್ಗಲಿನ ದಿನಕ್ಕೆ ತಕ್ಕಷ್ಟು ದೊಡ್ಡದಾಗಿಯೇ ಕೊಳ್ಳಬೇಕು.

ಈಗ ಲೆಕ್ಕಕ್ಕೆ ಬರೋಣ. ಉದಾಹರಣೆಗೆಂದು, ಸರ್ವರಿಗೆ ರೂ. 3,00,000, ಯು.ಪಿ.ಎಸ್. ಹಾಗೂ ಎ.ಸಿ.ಗೆ ರೂ. 75,000, ಕರೆಂಟು ಮತ್ತು ದುರಸ್ತಿಗೆ ವರ್ಷಕ್ಕೆ ರೂ. 60,000 ಎಂದು ಹಿಡಿಯೋಣ. ಯಂತ್ರ 5 ವರ್ಷ ಬಾಳಿದರೆ ಒಟ್ಟು ರೂ. 6,75,000, ಅಂದರೆ ತಿಂಗಳಿಗೆ ರೂ. 11,250. ತೊಡಗಿಸಿದ ಹಣದ ಬಡ್ಡಿ ಇದರ ಮೇಲೆ. ಕ್ಲೌಡ್ ಬಾಡಿಗೆ ತೆರಿಗೆ ಸೇರಿ ಇದಕ್ಕಿಂತ ಕಡಿಮೆ ಬಂದರೆ ಲಾಭ, ಹೆಚ್ಚಾದರೆ ನಷ್ಟ. ಕ್ಲೌಡ್ ಎಂದೊಡನೆ ಅಗ್ಗವೆಂದು ನಂಬಬಾರದು. ಕೊಂಡ ಯಂತ್ರದ ಬೆಲೆ ಒಮ್ಮೆ ತೀರುತ್ತದೆ. ಬಾಡಿಗೆ ಎಂದಿಗೂ ತೀರುವುದಿಲ್ಲ.

ಸರ್ಕಾರವೂ ಈ ದಾರಿಯನ್ನೇ ಹಿಡಿದಿದೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟವು 2022ರ ಜೂನ್ 29ರಂದು ರೂ. 2,516 ಕೋಟಿ ವೆಚ್ಚದ ಯೋಜನೆಯನ್ನು ಒಪ್ಪಿತು. ಪ್ರತಿ ಸಂಘವೂ ಬೇರೆ ಬೇರೆ ತಂತ್ರಾಂಶ ಕೊಳ್ಳುವ ಬದಲು, ಎಲ್ಲಕ್ಕೂ ಕ್ಲೌಡ್‌ನಲ್ಲಿ ಒಂದೇ ತಂತ್ರಾಂಶ ಎಂಬುದು ಅದರ ತಿರುಳು. ಹಂಚಿಕೊಂಡರೆ ಖರ್ಚು ಇಳಿಯುತ್ತದೆಂಬುದು ಸಹಕಾರ ತತ್ವವೇ ಅಲ್ಲವೇ? ನಮ್ಮದು ಮಾರಾಟ ಸಂಘವಾದ್ದರಿಂದ ಆ ನೆರವು ನಮಗೆ ದೊರೆಯದು. ಆದರೆ ನೆರೆಯ ಸಂಘಗಳೊಡನೆ ಕೂಡಿ ದರ ಚೌಕಾಸಿ ಮಾಡಲು ಯಾರ ಅಡ್ಡಿಯೂ ಇಲ್ಲ.

ಅಪಾಯವನ್ನೂ ಮರೆಯಬಾರದು. 2024ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ನೀಡುವ ಒಂದೇ ಸಂಸ್ಥೆಯ ಮೇಲೆ ಸೈಬರ್ ದಾಳಿ ನಡೆದಾಗ, ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ವ್ಯವಹಾರ ಸ್ಥಗಿತಗೊಂಡಿತು. ಎಲ್ಲರ ಮೂಟೆಯೂ ಒಂದೇ ಗೋದಾಮಿನಲ್ಲಿದ್ದರೆ ಬೀಗ ಭದ್ರವಾಗಿರಬೇಕು. ಇನ್ನು, ಗಾಳಿಮಳೆಗೆ ಲೈನು ಹೋದರೆ ಏನು ಗತಿ ಎಂದು ಸದಸ್ಯರು ಕೇಳುವುದು ನ್ಯಾಯವೇ.

ಆದುದರಿಂದ ಕ್ಲೌಡ್‌ಗೆ ಹೋಗುವುದೇ ಲೇಸೆಂಬುದು ನಮ್ಮ ಅಭಿಪ್ರಾಯ. ಆದರೆ ಐದು ಷರತ್ತುಗಳೊಡನೆ. ಒಂದು, ದರ ಡಾಲರಿನಲ್ಲಲ್ಲ, ರೂಪಾಯಿಯಲ್ಲಿ, ಕನಿಷ್ಠ ಮೂರು ವರ್ಷಕ್ಕೆ ಗೊತ್ತಾಗಿರಬೇಕು. ಎರಡು, ದಾಖಲೆಗಳು ಭಾರತದೊಳಗೇ ಇರಬೇಕು. ಮೂರು, ಪ್ರತಿ ವಾರ ಪೂರ್ತಿ ಲೆಕ್ಕದ ಒಂದು ಪ್ರತಿ ನಮ್ಮ ಕಪಾಟಿಗೆ ಬರಬೇಕು. ನಾಲ್ಕು, ಬಿಟ್ಟುಹೋಗಲು ಬಯಸಿದಾಗ ನಮ್ಮ ಲೆಕ್ಕವನ್ನು ಬೇರೆಡೆ ತೆರೆಯಬಲ್ಲ ರೂಪದಲ್ಲಿ ಹಿಂದಿರುಗಿಸಬೇಕು. ಇದು ಕರಾರಿನಲ್ಲಿರದಿದ್ದರೆ ಮುಂದೆ ಬಾಡಿಗೆ ಏರಿಸಿದಾಗ ನಮಗೆ ಬಾಯಿರದು. ಐದು, ಎರಡು ಕಂಪೆನಿಗಳ ಇಂಟರ್‌ನೆಟ್ ಸಂಪರ್ಕವಿರಬೇಕು. ಕೈಬರಹದ ರಸೀದಿ ಪುಸ್ತಕವೂ ಮೇಜಿನ ಮೇಲಿರಬೇಕು.

ಈ ಐದಕ್ಕೂ ಒಪ್ಪದ ಕಂಪೆನಿಯ ಬೆಲೆ ಎಷ್ಟೇ ಕಡಿಮೆಯಿರಲಿ, ಅದು ನಮಗೆ ದುಬಾರಿಯೇ. ಸದಸ್ಯರು ಮಹಾಸಭೆಗೆ ತಪ್ಪದೆ ಬಂದು, ಬಂದಿರುವ ದರಪಟ್ಟಿಗಳನ್ನು ಮೇಲಿನ ಲೆಕ್ಕದೊಡನೆ ತಾಳೆ ನೋಡಿ, ಕೇಳಬೇಕಾದ್ದನ್ನು ಕೇಳಿಯೇ ಕೈಯೆತ್ತಬೇಕೆಂದು ವಿನಂತಿಸುತ್ತೇವೆ.

— ಕಾರ್ಯದರ್ಶಿ