ಮೊದಲ ಮೆಟ್ಟಿಲು ಕೊಪ್ಪದಲ್ಲಿರಲಿ

‘ಮಲೆನಾಡಿನ ಮಕ್ಕಳಿಗೆ ರೊಬೊಟಿಕ್ಸ್‌ನಲ್ಲಿ ಆಸಕ್ತಿ ಕಡಿಮೆ, ಸ್ಪರ್ಧೆಗೆ ಬರುವುದೇ ಇಲ್ಲ.’ ಈ ವಾರ ಶಾಲಾ ಸಮಾರಂಭವೊಂದರಲ್ಲಿ ಅತಿಥಿಯೊಬ್ಬರು ಮೈಕ್ ಹಿಡಿದು ಹೇಳಿದ ಮಾತಿದು. ಎದುರಿಗೆ ಮಕ್ಕಳು ಕೂತು ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಬರುವುದಕ್ಕೆ ದಾರಿ ಎಲ್ಲಿಟ್ಟಿದ್ದೀರಿ ಸ್ವಾಮಿ?

ವರ್ಲ್ಡ್ ರೋಬೋಟ್ ಒಲಿಂಪಿಯಾಡ್ 2004ರಿಂದ ನಡೆಯುತ್ತಿದೆ. 2016ರ ಅಂತಿಮ ಸುತ್ತು ಭಾರತದಲ್ಲೇ ಆಗಿತ್ತು. ಎರಡು ಮೂರು ಮಕ್ಕಳ ತಂಡ, ಜೊತೆಗೊಬ್ಬ ತರಬೇತುದಾರ. ಪ್ರಾದೇಶಿಕ ಸುತ್ತು ದಾಟಿದರೆ ರಾಷ್ಟ್ರೀಯ ಸುತ್ತು, ಅದನ್ನೂ ಗೆದ್ದರೆ ವಿದೇಶ. ಫಸ್ಟ್ ಲೆಗೊ ಲೀಗ್‌ನದೂ ಹೆಚ್ಚುಕಡಿಮೆ ಇದೇ ಕ್ರಮ. ಪ್ರಾದೇಶಿಕ ಸುತ್ತೆಂದರೆ ನಮ್ಮ ಕಡೆಯವರಿಗೆ ಸಾಮಾನ್ಯವಾಗಿ ಬೆಂಗಳೂರು. ಶೃಂಗೇರಿಯಿಂದ ಅದು 300 ಕಿಲೋಮೀಟರಿಗೂ ಮಿಕ್ಕ ಹಾದಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿಗೆ ರೈಲಿಲ್ಲ. ನೌಕರರೇ ಕಟ್ಟಿ ನಡೆಸಿದ ಕೊಪ್ಪದ ಸಹಕಾರ ಸಾರಿಗೆಯೂ 2020ರಲ್ಲಿ ನಿಂತುಹೋಯಿತು. ಇದರ ಮೇಲೆ ಪ್ರವೇಶ ಶುಲ್ಕ, ಹತ್ತಾರು ಸಾವಿರದ ಕಿಟ್, ಊಟ, ವಸತಿ. ನನಗೆ ಗೊತ್ತಿರುವ ಮೇಷ್ಟರೊಬ್ಬರ ಹುಡುಗರು ಅಂಗಳದ ಅಡಿಕೆ ಕೆದರುವ ಪುಟ್ಟ ಗಾಡಿ ಮಾಡಿದ್ದರು. ಪೋಷಕರ ಸಭೆಯಲ್ಲಿ ಬೆಂಗಳೂರಿನ ಖರ್ಚು ಲೆಕ್ಕ ಹಾಕಿದರು. ಮಾತು ಅಲ್ಲಿಗೇ ಮುಗಿಯಿತು. ಆ ಹುಡುಗರು ಯಾವ ತೀರ್ಪುಗಾರರ ಎದುರೂ ಸೋಲಲಿಲ್ಲ. ಅವರನ್ನು ನೋಡಿದವರೇ ಇಲ್ಲ.

ಅದೇ ಹುಡುಗರು ಕಬಡ್ಡಿ ಆಡಿದ್ದರೆ? ತಾಲ್ಲೂಕು, ಜಿಲ್ಲೆ, ಮೈಸೂರು ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಿದ್ದರು. ಪ್ರತಿಭಾ ಕಾರಂಜಿ ಇನ್ನೂ ಕೆಳಗೆ, ಕ್ಲಸ್ಟರಿನಿಂದಲೇ ಶುರುವಾಗುತ್ತದೆ. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಗುವಿಗೆ 10,000 ರೂಪಾಯಿ ಕೊಟ್ಟು, ಮೊದಲು ಜಿಲ್ಲಾ ಪ್ರದರ್ಶನಕ್ಕೆ ಕರೆಯುತ್ತಾರೆ. ಹಾಡಿಗೆ, ಓಟಕ್ಕೆ, ವಿಜ್ಞಾನದ ಮಾದರಿಗೆ ಮನೆ ಹತ್ತಿರದಲ್ಲೇ ಮೊದಲ ಮೆಟ್ಟಿಲಿದೆ. ರೋಬೋಟಿಗೆ ಮಾತ್ರ ಏಕಿಲ್ಲ?

ನಾನು ವರ್ಷಗಳಿಂದ ಹೇಳುತ್ತಿರುವುದೇ ಇದು: ವಿದ್ಯೆ ಘಟ್ಟ ಹತ್ತಿ ಬರಬೇಕು. ಹಿಂದೆ ಬಂದಿತ್ತು ಕೂಡ. ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕಾಲದಲ್ಲಿ, 1925ರಲ್ಲಿ, ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರ ನೆಲೆಗೊಂಡಿತು. ಬೆಳೆ ಎಲ್ಲಿದೆಯೋ ವಿಜ್ಞಾನಿ ಅಲ್ಲಿಗೆ ಬಂದರು. ಎಸ್.795 ತಳಿ ಹುಟ್ಟಿದ್ದು ಅಲ್ಲಿ. ನೂರು ವರ್ಷದ ಹಿಂದೆ, ಈಗಿನ ರಸ್ತೆಯೂ ಫೋನೂ ಇಲ್ಲದಾಗ ಆದದ್ದು ಈಗ ಆಗದೇ?

ಈ ಸ್ಪರ್ಧೆಗಳೂ ನಮ್ಮ ಮಕ್ಕಳಿಗೆ ಹೊರಗಿನವಲ್ಲ. ಫಸ್ಟ್ ಲೆಗೊ ಲೀಗ್‌ನಲ್ಲಿ ರೋಬೋಟಿನ ಆಟ ಎರಡೂವರೆ ನಿಮಿಷ. ಒಟ್ಟು ತೀರ್ಮಾನದಲ್ಲಿ ಅದರ ಪಾಲು ಕಾಲುಭಾಗ ಮಾತ್ರ. ಉಳಿದದ್ದು ರೋಬೋಟಿನ ವಿನ್ಯಾಸಕ್ಕೆ, ಒಂದು ನಿಜವಾದ ಸಮಸ್ಯೆಗೆ ಹುಡುಕಿದ ಪರಿಹಾರಕ್ಕೆ, ತಂಡವಾಗಿ ದುಡಿದ ಬಗೆಗೆ. ಸಮಸ್ಯೆ ಬೇಕೆ? ಕೊಳೆರೋಗ, ಎಲೆಚುಕ್ಕಿ, ಹಳದಿ ಎಲೆ ರೋಗ, ಮರ ಹತ್ತುವ ಕೊನೆಗಾರರ ಅಭಾವ ಎಲ್ಲವೂ ಈ ಮಕ್ಕಳ ಮನೆಯ ಮಾತು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕ್ ಮಾಡಿ ದೇಶದ ಗಮನ ಸೆಳೆದರು. ತೋಟದ ಕಷ್ಟ ಗೊತ್ತಿದ್ದವರಿಗೇ ಹೊಳೆಯುವ ಯಂತ್ರ ಅದು. ಅಂಥದ್ದನ್ನು ಯೋಚಿಸಬಲ್ಲ ಮಗುವನ್ನು ಬಸ್ ಚಾರ್ಜು ಹೊರಗಿಡುತ್ತಿದೆ. ಕಷ್ಟಪಟ್ಟು ಹೋದರೂ, ಇಂಗ್ಲಿಷಿನಲ್ಲಿ ಪಟಪಟನೆ ಮಾತಾಡುವ ಮಗುವಿನ ಪಕ್ಕ ಇವನು ಬಾಯಿ ಕಟ್ಟಿ ನಿಲ್ಲುತ್ತಾನೆ.

ಅಟಲ್ ಟಿಂಕರಿಂಗ್ ಲ್ಯಾಬಿಗೆ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿ ತನಕ ಅನುದಾನವಿದೆ. ಸರ್ಕಾರಿ ಶಾಲೆಗಳಲ್ಲಿ ಐದು ವರ್ಷದಲ್ಲಿ ಇನ್ನೂ 50,000 ಲ್ಯಾಬ್ ಎಂದು 2025ರ ಕೇಂದ್ರ ಬಜೆಟ್ ಹೇಳಿತು. ಸಂತೋಷ. ಆದರೆ ಲ್ಯಾಬ್ ಕೊಟ್ಟು ಹತ್ತಿರದಲ್ಲಿ ಸ್ಪರ್ಧೆ ಇಡದಿರುವುದು, ಅಡಿಕೆ ಬೆಳೆಸಿ ಮಂಡಿಯನ್ನು ಬೆಂಗಳೂರಿನಲ್ಲಷ್ಟೇ ತೆರೆದ ಹಾಗೆ.

ನಾನು ಕೇಳುವುದು ಇಷ್ಟು. ಮೂರು ತಾಲ್ಲೂಕಿಗೆ ಸೇರಿ ಒಂದು ಸುತ್ತು. ಒಂದು ವರ್ಷ ಕೊಪ್ಪ, ಮರುವರ್ಷ ಶೃಂಗೇರಿ, ಆಮೇಲೆ ನರಸಿಂಹರಾಜಪುರ. ಕಿಟ್‌ಗಳು ಬಿಇಒ ಕಚೇರಿಯಲ್ಲಿರಲಿ, ಶಾಲೆಗಳು ಸರದಿಯಲ್ಲಿ ಒಯ್ಯಲಿ. ತೀರ್ಪುಗಾರರು ಕನ್ನಡದಲ್ಲಿ ಪ್ರಶ್ನೆ ಕೇಳಲಿ. ಗೆದ್ದ ತಂಡಕ್ಕೆ ಮುಂದಿನ ಸುತ್ತಿನಲ್ಲಿ ಶುಲ್ಕವಿಲ್ಲದ ಸ್ಥಾನ, ಪ್ರಯಾಣದ ವೆಚ್ಚ ಶಿಕ್ಷಣ ಇಲಾಖೆಯದು. ದೇಶದೊಳಗಿನ ಅರ್ಹತಾ ಸುತ್ತುಗಳನ್ನು ನಡೆಸುವವರು ಇಲ್ಲಿಯ ಸಂಘಟಕರೇ. ಇದಕ್ಕೆ ಪರದೇಶದ ಅಪ್ಪಣೆ ಬೇಕಿಲ್ಲ.

ಇದನ್ನು ಮಾಡುವವರೆಗೆ, ಸಂಘಟಕರೇ, ಕರ್ನಾಟಕದ ಹೆಸರು ಹೇಳಿ ಟ್ರೋಫಿ ಹಂಚಬೇಡಿ. ಬೆಂಗಳೂರಿನ ಟ್ರೋಫಿ ಎಂದೇ ಬರೆಸಿ.