ಕತ್ತಲೆಯನ್ನು ಕತ್ತಲೆಯಾಗಿಯೇ ಉಳಿಸುವ ಕ್ಯಾಮೆರಾ

ಕಳೆದ ಕಾರ್ತಿಕ ಮಾಸದ ಒಂದು ಭಾನುವಾರ ಮನೆಗೆ ಬಂದ ತಂಗಿಯ ಮಗಳು ಕಾಫಿಗೂ ಕಾಯದೆ ಅಟ್ಟ ಹತ್ತಿದಳು. ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ. ಅರ್ಧ ಗಂಟೆಯ ಬಳಿಕ ಕೆಳಗಿಳಿದಾಗ ಅವಳ ಕೈಯಲ್ಲಿ ಅವಳ ತಾತನ ಯಾಶಿಕಾ ಎಲೆಕ್ಟ್ರೋ 35 ಕ್ಯಾಮೆರಾ ಇತ್ತು. ಚರ್ಮದ ಚೀಲ ಬಿರುಕು ಬಿಟ್ಟಿತ್ತು. ಒಳಗಿನ ಲೋಹ ಮಾತ್ರ ಹೊಳೆಯುತ್ತಿತ್ತು. ನಮ್ಮ ಬಡಾವಣೆಯ ದೇವಸ್ಥಾನದ ದೀಪೋತ್ಸವವನ್ನು ಅದರಲ್ಲಿ ತೆಗೆಯಬೇಕೆಂಬುದು ಅವಳ ಆಸೆ. ‘ನಿನ್ನ ಮೊಬೈಲು ನಡುರಾತ್ರಿಯನ್ನೂ ಹಗಲು ಮಾಡಿ ತೋರಿಸುತ್ತದೆ. ಈ ಹಳೆಯ ಡಬ್ಬಿ ಯಾಕಮ್ಮಾ?’ ಎಂದು ನಕ್ಕೆ. ‘ಅದೇ ತೊಂದರೆ ಮಾವ, ಮೊಬೈಲಿನಲ್ಲಿ ಕತ್ತಲೆಯೇ ಬರುವುದಿಲ್ಲ’ ಎಂದಳು.

ಅವಳ ಮಾತಿನಲ್ಲಿ ಸತ್ಯವಿದೆ. ಇಂದಿನ ಮೊಬೈಲು ಮಂದ ಬೆಳಕಿನಲ್ಲಿ ತೆಗೆಯುವುದು ಒಂದು ಚಿತ್ರವನ್ನಲ್ಲ. ಒಂದರ ಹಿಂದೆ ಒಂದರಂತೆ ಹಲವು ಚಿತ್ರಗಳನ್ನು ತೆಗೆದು, ಹೊಂದಿಸಿ, ನೆರಳನ್ನು ಮೇಲೆತ್ತಿ, ಬೆಳಕನ್ನು ಇಳಿಸಿ ಒಂದು ಸರಾಸರಿ ರಾತ್ರಿಯನ್ನು ನಮ್ಮ ಕೈಗಿಡುತ್ತದೆ. ಹಣತೆಯ ಮುಂದೆ ಕುಳಿತ ಅಜ್ಜಿಯ ಹಿಂದಿನ ಗೋಡೆ, ಕ್ಯಾಲೆಂಡರು, ಫ್ರಿಜ್ಜು ಎಲ್ಲವೂ ಸಮಾನವಾಗಿ ಕಾಣುತ್ತವೆ. ನಮ್ಮ ಕಣ್ಣು ಕಂಡದ್ದು ಅದಲ್ಲ. ಆ ಸೌಲಭ್ಯವನ್ನು ಆರಿಸಬಹುದಲ್ಲ ಎಂದು ಕೇಳಬಹುದು. ಆರಿಸಬಹುದು, ನಿಜ. ಆದರೆ ಎಷ್ಟು ಜನ ಆರಿಸುತ್ತಾರೆ? ಯಾವ ನೆರಳನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂಬ ನಿರ್ಧಾರವನ್ನು ನಾವು ನಮಗರಿವಿಲ್ಲದಂತೆಯೇ ಯಂತ್ರಕ್ಕೆ ಒಪ್ಪಿಸಿಬಿಟ್ಟಿದ್ದೇವೆ. ಫಿಲ್ಮ್ ಕ್ಯಾಮೆರಾ ಆ ನಿರ್ಧಾರವನ್ನು ಮರಳಿ ನಮ್ಮ ಹೆಗಲಿಗೇರಿಸುತ್ತದೆ. ಹೊಸ ತಲೆಮಾರು ಹಳೆಯ ಕ್ಯಾಮೆರಾಗಳನ್ನು ಹುಡುಕುತ್ತಿರುವುದನ್ನು ಬರಿಯ ಶೋಕಿ ಎಂದು ತಳ್ಳಿಹಾಕಬಾರದು ಎನ್ನಲು ಇದೇ ಮೊದಲ ಕಾರಣ.

ಫಿಲ್ಮ್ ಸತ್ತೇಹೋಯಿತೆಂದು ನಾವು ಒಮ್ಮೆ ತೀರ್ಮಾನಿಸಿದ್ದೆವು. ಕೊಡಾಕ್ರೋಮ್ ತಯಾರಿಕೆ 2009ರಲ್ಲಿ ನಿಂತಿತು. 2012ರ ಜನವರಿಯಲ್ಲಿ ಕೊಡಾಕ್ ಸಂಸ್ಥೆಯೇ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ನಮ್ಮ ನೆರೆಯ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ ‘ಇಂದು’ ಹೆಸರಿನಲ್ಲಿ ಫಿಲ್ಮ್ ತಯಾರಿಸುತ್ತಿದ್ದ ಸಾರ್ವಜನಿಕ ಉದ್ದಿಮೆ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ದೀರ್ಘಕಾಲದ ನಷ್ಟದ ಬಳಿಕ ಬಾಗಿಲು ಮುಚ್ಚಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2012ರಲ್ಲಿ ತಾನೇ ಕೈಬಿಟ್ಟಿದ್ದ ಟಿ-ಮ್ಯಾಕ್ಸ್ ಪಿ3200 ಎಂಬ ಮಂದ ಬೆಳಕಿನ ಫಿಲ್ಮನ್ನು ಕೊಡಾಕ್ 2018ರಲ್ಲಿ ಮತ್ತೆ ತಂದಿತು. 2024ರಲ್ಲಿ ಪೆಂಟಾಕ್ಸ್ ಹೊಚ್ಚಹೊಸ ಫಿಲ್ಮ್ ಕ್ಯಾಮೆರಾವನ್ನೇ ಮಾರುಕಟ್ಟೆಗೆ ಬಿಟ್ಟಿತು. ಕೊಳ್ಳುವವರಿಲ್ಲದೆ ಯಾವ ಕಂಪೆನಿಯೂ ಇಂಥ ಸಾಹಸಕ್ಕೆ ಕೈಹಾಕುವುದಿಲ್ಲ.

ಹಾಗಾದರೆ ಆರಂಭಿಸುವುದು ಹೇಗೆ? ಮೊದಲ ಮಾತು: ಕೊಳ್ಳುವ ಮೊದಲು ಹುಡುಕಿ. ಮಧ್ಯಮ ವರ್ಗದ ಎಷ್ಟೋ ಮನೆಗಳ ಬೀರುವಿನಲ್ಲಿ ಒಂದು ಕ್ಯಾಮೆರಾ ಇದ್ದೇ ಇರುತ್ತದೆ. ಅದು ಅಗ್ಫಾ ಕ್ಲಿಕ್ 3 ಆಗಿದ್ದರೆ ಹಗಲಿನ ಚಿತ್ರಗಳಿಗೆ ಇರಲಿ; ಅದರ ಕಿರಿದಾದ ದ್ಯುತಿರಂಧ್ರ ಸಂಜೆಯ ನಂತರ ಕೈಕೊಡುತ್ತದೆ. ಮಂದ ಬೆಳಕಿಗೆ ಬೇಕಾದದ್ದು ಎಫ್/2 ಅಥವಾ ಅದಕ್ಕಿಂತ ಅಗಲವಾಗಿ ತೆರೆಯುವ ಲೆನ್ಸು. ಯಾಶಿಕಾ ಎಲೆಕ್ಟ್ರೋದ ಲೆನ್ಸು ಎಫ್/1.7. ಒಂದು ಕಾಲದಲ್ಲಿ ನಮ್ಮಲ್ಲಿ ಹೇರಳವಾಗಿದ್ದ ಸೋವಿಯತ್ ಜೆನಿತ್ ಕ್ಯಾಮೆರಾಗಳೊಂದಿಗೆ ಬರುತ್ತಿದ್ದ 58 ಮಿಲಿಮೀಟರಿನ ಹೀಲಿಯೋಸ್ ಲೆನ್ಸು ಎಫ್/2. 1976ರಿಂದ 1997ರವರೆಗೆ ತಯಾರಾದ ಪೆಂಟಾಕ್ಸ್ ಕೆ1000 ಇನ್ನೊಂದು ಉತ್ತಮ ಆಯ್ಕೆ. ಅದರ ಶಟರಿಗೆ ಬ್ಯಾಟರಿಯೇ ಬೇಡ. ಬೆಳಕು ಅಳೆಯುವ ಮೀಟರಿಗಷ್ಟೇ ಬೇಕು.

ಎರಡನೆಯ ಮಾತು ಪರೀಕ್ಷೆಯದು. ಲೆನ್ಸನ್ನು ದೀಪಕ್ಕೆ ಹಿಡಿದು ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ನೋಡಬೇಕು. ಅದು ಬೂಷ್ಟು. ಕರಾವಳಿ, ಮಲೆನಾಡುಗಳ ತೇವದಲ್ಲಿ ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಮಲಗಿದ ಕ್ಯಾಮೆರಾಗಳಿಗೆ ಇದು ತಪ್ಪದ ರೋಗ. ಹಿಂಬಾಗಿಲ ಅಂಚಿನ ಕಪ್ಪು ಸ್ಪಂಜು ಅಂಟಂಟಾಗಿದ್ದರೆ ಬೆಳಕು ಸೋರುತ್ತದೆ. ಅದನ್ನು ಬದಲಿಸುವುದು ಕಷ್ಟವಲ್ಲ. ನಿಧಾನ ವೇಗಗಳಲ್ಲಿ ಶಟರು ತೆರೆದು ಮುಚ್ಚುವ ಸದ್ದನ್ನು ಕೇಳಬೇಕು. ಮುಗ್ಗರಿಸಿದರೆ ರಿಪೇರಿ ಬಲ್ಲವರ ಕೈಗೆ ಕೊಡಬೇಕು. ಎಲೆಕ್ಟ್ರೋಗೆ ಮೊದಲು ಬಳಸುತ್ತಿದ್ದ ಪಾದರಸದ ಬ್ಯಾಟರಿ ಈಗ ಸಿಗುವುದಿಲ್ಲ. ಅಡಾಪ್ಟರ್ ಹಾಕಿ 6 ವೋಲ್ಟಿನ ಬ್ಯಾಟರಿ ಬಳಸಬಹುದು. ಅದರಲ್ಲಿ ದ್ಯುತಿರಂಧ್ರವನ್ನು ನಾವು ಆರಿಸಿದರೆ ಶಟರಿನ ವೇಗವನ್ನು ಅದೇ ಆರಿಸುತ್ತದೆ. ಹಳದಿ ದೀಪ ಹೊತ್ತಿತೆಂದರೆ ವೇಗ ಕೈ ತಡೆಯಲಾರದಷ್ಟು ನಿಧಾನವಾಯಿತೆಂದು ಅರ್ಥ. ಆಗ ಕಂಬಕ್ಕೋ ಗೋಡೆಗೋ ಒರಗಿ ಉಸಿರು ಹಿಡಿಯಬೇಕು.

ಇನ್ನು ಫಿಲ್ಮ್. ಡಬ್ಬಿಯ ಮೇಲಿನ ಐಎಸ್‌ಓ ಸಂಖ್ಯೆ ದುಪ್ಪಟ್ಟಾದರೆ ಬೇಕಾದ ಬೆಳಕು ಅರ್ಧವಾಗುತ್ತದೆ. 100ರ ಫಿಲ್ಮಿಗೆ ಬೇಕಾದುದರ ಕಾಲುಭಾಗ 400ಕ್ಕೆ ಸಾಕು. ಕಲಿಯುವವರಿಗೆ ಕಪ್ಪು-ಬಿಳುಪಿನ 400 ಫಿಲ್ಮೇ ಲೇಸು: ಇಲ್ಫರ್ಡ್ ಎಚ್‌ಪಿ5 ಪ್ಲಸ್ ಅಥವಾ ಕೊಡಾಕ್ ಟ್ರೈ-ಎಕ್ಸ್. ಸಾಮಾನ್ಯ ಬಲ್ಬು ಉರಿಯುವ ಕೋಣೆಯಲ್ಲಿ ಎಫ್/2 ಮತ್ತು ಸೆಕೆಂಡಿನ 30ನೇ ಒಂದು ಭಾಗ, ಅಂಗಡಿ ಸಾಲಿನ ಪ್ರಖರ ಬೀದಿಯಲ್ಲಿ ಎಫ್/2 ಮತ್ತು 60ನೇ ಒಂದು ಭಾಗ. ಇವನ್ನು ಆರಂಭದ ಅಂದಾಜಾಗಿ ಇಟ್ಟುಕೊಳ್ಳಬಹುದು. 3200 ಎಂಬ ಸಂಖ್ಯೆಗೆ ಮಾತ್ರ ಮರುಳಾಗಬಾರದು. ಇಲ್ಫರ್ಡ್ ಡೆಲ್ಟಾ 3200 ಆಗಲಿ, ಕೊಡಾಕ್ ಪಿ3200 ಆಗಲಿ, ಅವುಗಳ ನಿಜವಾದ ಸಂವೇದನೆ ಸುಮಾರು 1000ದ ಆಸುಪಾಸಿನದು. ಉಳಿದದ್ದನ್ನು ಡೆವಲಪ್ ಮಾಡುವಾಗ ಸಮಯ ಹೆಚ್ಚಿಸಿ ಪಡೆಯಬೇಕು. ‘ಪುಶ್’ ಎನ್ನುವ ಈ ವಿಧಾನ ಬೆಳಕು ತಾಗಿದ ಭಾಗಗಳನ್ನು ಎತ್ತಿ ತೋರಿಸುತ್ತದೆ, ಕಣಗಳನ್ನು ದಪ್ಪವಾಗಿಸುತ್ತದೆ; ಬೆಳಕೇ ಬೀಳದ ನೆರಳಿನಲ್ಲಿ ಏನನ್ನೂ ಸೃಷ್ಟಿಸಲಾರದು. ಬಣ್ಣವೇ ಬೇಕೆನ್ನುವವರಿಗೆ ಸಿನಿಸ್ಟಿಲ್ 800ಟಿ ಇದೆ. ಅದು ಸಿನಿಮಾ ಫಿಲ್ಮಿನ ಹಿಂಬದಿಯ ಕಪ್ಪು ಲೇಪವನ್ನು ತೆಗೆದು ಮಾಡಿದ್ದು. ಆ ಲೇಪವಿಲ್ಲದ್ದರಿಂದಲೇ ದೀಪಗಳ ಸುತ್ತ ಕೆಂಪು ಪ್ರಭೆ ಮೂಡುತ್ತದೆ.

ಇನ್ನೆರಡು ಎಚ್ಚರಿಕೆಗಳು. ದೀಪದ ಕುಡಿಯೇ ಎದುರಿಗಿದ್ದರೆ ಮೀಟರು ಮೋಸಹೋಗಿ ಬೆಳಕು ಸಾಕೆಂದುಕೊಳ್ಳುತ್ತದೆ, ಮುಖ ಕಪ್ಪಾಗುತ್ತದೆ. ಆಗ ಕ್ಯಾಮೆರಾದ ಮುಳ್ಳನ್ನು 400ರಿಂದ 200ಕ್ಕೆ ಇಳಿಸಿದರೆ ಬೆಳಕು ದುಪ್ಪಟ್ಟು ದೊರೆಯುತ್ತದೆ. ಸ್ಟ್ಯಾಂಡಿನ ಮೇಲಿಟ್ಟು ದೀರ್ಘಕಾಲ ಶಟರು ತೆರೆದಿಡುವಾಗಲಂತೂ ಫಿಲ್ಮಿನ ಚುರುಕು ಕುಂದುತ್ತ ಹೋಗುತ್ತದೆ. ಎಚ್‌ಪಿ5ರಲ್ಲಿ ಮೀಟರು 10 ಸೆಕೆಂಡು ಎಂದರೆ ಕೊಡಬೇಕಾದದ್ದು ಸುಮಾರು 20 ಸೆಕೆಂಡು.

ಇಷ್ಟೆಲ್ಲ ತಾಪತ್ರಯವೇಕೆ ಎನ್ನಿಸಬಹುದು. ಮೈಸೂರಿನಿಂದ ಮುಂಬೈಗೆ ಹೋದ ವಿ.ಕೆ. ಮೂರ್ತಿಯವರನ್ನು ನೆನೆಯೋಣ. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಅವರು ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೋದೊಳಕ್ಕೆ ಹಾಯಿಸಿ ನಿಲ್ಲಿಸಿದ ಕಿರಣವನ್ನು ನೋಡಿದವರು ಮರೆಯಲಾರರು. ಆ ಕಿರಣಕ್ಕೆ ಅರ್ಥ ಬಂದದ್ದು ಸುತ್ತಲ ಕತ್ತಲೆಯಿಂದ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. ಅವರಂಥವರ ಕಣ್ಣನ್ನು ಪಳಗಿಸಿದ್ದು, ಬೆಳಕು ಎಷ್ಟಿದೆ, ಎಲ್ಲಿಂದ ಬರುತ್ತಿದೆ ಎಂದು ಪ್ರತಿಯೊಂದು ಚಿತ್ರಕ್ಕೂ ಕೇಳಿಕೊಳ್ಳಲೇಬೇಕಾದ ಶಿಸ್ತು. ಮಂದ ಬೆಳಕು ಆ ಶಿಸ್ತಿನ ಅತ್ಯುತ್ತಮ ಪಾಠಶಾಲೆ. ಹಗಲಿನಲ್ಲಿ ಬೆಳಕು ಪುಕ್ಕಟೆ. ಸಂಜೆಯ ನಂತರವೇ ಅದರ ಬೆಲೆ ತಿಳಿಯುವುದು. ಬಯಲಾಟದ ರಂಗಸ್ಥಳ, ಕಡಲೆಕಾಯಿ ಪರಿಷೆಯ ಗಾಡಿಗಳ ದೀಪ, ನಸುಕಿನ ಹೂವಿನ ಮಾರುಕಟ್ಟೆ... ಈ ನಾಡಿನಲ್ಲಿ ಆ ಶಾಲೆಗೆ ಕಟ್ಟಡದ ಕೊರತೆಯಿಲ್ಲ.

ಖರ್ಚಿನ ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ. 36 ಚಿತ್ರಗಳ ಒಂದು ರೋಲಿಗೆ ಸಾವಿರ ರೂಪಾಯಿಯ ಆಸುಪಾಸು. ಡೆವಲಪ್ ಮಾಡಿಸಲು, ಸ್ಕ್ಯಾನ್ ಮಾಡಿಸಲು ಮತ್ತಷ್ಟು. ವಿದ್ಯಾರ್ಥಿಗೆ ಇದು ಹಗುರವಲ್ಲ. ತಿಂಗಳಿಗೊಂದು ರೋಲು ಸಾಕು ಎಂಬುದು ನನ್ನ ಸಲಹೆ. ‘ವಿಂಟೇಜ್’ ಎಂಬ ಒಂದೇ ಪದದ ಬಲದಿಂದ ಬೂಷ್ಟು ಹಿಡಿದ ಕ್ಯಾಮೆರಾವನ್ನು ದುಬಾರಿ ಬೆಲೆಗೆ ಮಾರುವವರೂ ಹುಟ್ಟಿಕೊಂಡಿದ್ದಾರೆ. ಅವರಿಂದ ದೂರವಿರಬೇಕು.

ಇದಕ್ಕಿಂತ ದೊಡ್ಡ ನಷ್ಟವೊಂದು ನಮ್ಮ ಹುಡುಗಿಗಾಯಿತು. ದೀಪೋತ್ಸವದ ರೋಲನ್ನು ನಗರದ ಒಂದು ಲ್ಯಾಬಿಗೆ ಕೊಟ್ಟಿದ್ದಳು. ವಾರದ ಬಳಿಕ ಚಿತ್ರಗಳು ಅವಳ ಮೊಬೈಲಿಗೆ ಬಂದವು. ನೆಗೆಟಿವ್ ತರಲು ಹೋದರೆ ‘ಸ್ಕ್ಯಾನ್ ಕಳಿಸಿದ್ದೀವಲ್ಲ ಮೇಡಂ, ನೆಗೆಟಿವ್ ಯಾರೂ ಕೇಳಲ್ಲ ಅಂತ ಎಸೆದುಬಿಟ್ಟೆವು’ ಎಂದರಂತೆ. ಆ ರೋಲಿನ ಕೊನೆಯಲ್ಲಿ ಅವಳ ಅಜ್ಜಿ, ಅಂದರೆ ನನ್ನ ತಾಯಿ, ತುಳಸಿಕಟ್ಟೆಗೆ ಹಣತೆ ಹಚ್ಚುತ್ತಿದ್ದ ಚಿತ್ರವಿತ್ತು. ಅದೀಗ ಕೆಲವು ನೂರು ಕಿಲೋಬೈಟುಗಳ ಮಸುಕು ಕಡತ. ದೊಡ್ಡದಾಗಿ ಮುದ್ರಿಸಲು ಬರುವುದಿಲ್ಲ. ಕ್ಯಾಮೆರಾ ತಾತನದು, ಚಿತ್ರ ಅಜ್ಜಿಯದು, ತೆಗೆದವಳು ಮೊಮ್ಮಗಳು. ಮೂರು ತಲೆಮಾರು ಸೇರಿದ್ದ ಆ ಅಂಗೈಯುದ್ದದ ಪಟ್ಟಿ ಕಸದ ಬುಟ್ಟಿ ಸೇರಿತು.

ನನ್ನ ಮುಖ್ಯ ವಾದ ಇಲ್ಲಿದೆ. ಫಿಲ್ಮ್ ಛಾಯಾಗ್ರಹಣದ ಸಾರ್ಥಕತೆ ಹಳೆಯ ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಳ್ಳುವುದರಲ್ಲಿಲ್ಲ, ನೆಗೆಟಿವ್‌ನಲ್ಲಿದೆ. ಚೆನ್ನಾಗಿ ತೊಳೆದು, ತೇವದಿಂದ ದೂರವಿಟ್ಟ ಕಪ್ಪು-ಬಿಳುಪು ನೆಗೆಟಿವ್ ತಲೆಮಾರುಗಳ ಕಾಲ ಬಾಳುತ್ತದೆ. ಅದನ್ನು ನೋಡಲು ಪಾಸ್‌ವರ್ಡ್ ಬೇಡ, ಕಿಟಕಿಯ ಬೆಳಕು ಸಾಕು. ಜನಸಾಮಾನ್ಯರ ಬದುಕನ್ನು ಚಿತ್ರಿಸಿದ ಟಿ.ಎಸ್. ಸತ್ಯನ್ ತಮ್ಮ ಆತ್ಮಕಥನಕ್ಕೆ ‘ಕಾಲಕ್ಕೆ ಕನ್ನಡಿ’ ಎಂದು ಹೆಸರಿಟ್ಟರು. ಕನ್ನಡಿಯನ್ನೇ ಎಸೆದ ಮೇಲೆ ಕಾಲವನ್ನು ಎಲ್ಲಿ ನೋಡುವುದು? ಊರೂರಿನ ಹಳೆಯ ಸ್ಟುಡಿಯೋಗಳು ಒಂದೊಂದಾಗಿ ಮುಚ್ಚುತ್ತಿರುವಾಗ ಅಲ್ಲಿನ ಡಬ್ಬಗಳಲ್ಲಿರುವ ಮದುವೆ, ಜಾತ್ರೆ, ಶಾಲೆಯ ಗುಂಪುಚಿತ್ರಗಳ ನೆಗೆಟಿವ್‌ಗಳು ಗುಜರಿ ಸೇರುತ್ತಿವೆ. ಸ್ಥಳೀಯ ಇತಿಹಾಸ ಹೀಗೆ ಕಿಲೋ ಲೆಕ್ಕದಲ್ಲಿ ತೂಗಿಹೋಗುತ್ತಿರುವುದು ಯಾರಿಗೂ ಸುದ್ದಿಯೆನಿಸಿಲ್ಲ.

ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಪತ್ರಿಕೋದ್ಯಮ ಮತ್ತು ಲಲಿತಕಲಾ ವಿಭಾಗಗಳಲ್ಲಿ ಉಗ್ರಾಣಗಳಾಗಿ ಮಾರ್ಪಟ್ಟಿರುವ ಕತ್ತಲೆಕೋಣೆಗಳಿದ್ದರೆ ಅವುಗಳ ಬೀಗ ತೆಗೆಯಬೇಕು. ರಿಪೇರಿ ಬಲ್ಲ ಹಿರಿಯರನ್ನು ಕರೆಸಿ ವರ್ಷಕ್ಕೊಂದು ಶಿಬಿರ ನಡೆಸಬೇಕು. ಅವರ ವಿದ್ಯೆ ಬಹುಪಾಲು ಪುಸ್ತಕದಲ್ಲಿಲ್ಲ, ಬೆರಳಿನಲ್ಲಿದೆ. ಮುಚ್ಚುವ ಸ್ಟುಡಿಯೋಗಳ ನೆಗೆಟಿವ್‌ಗಳನ್ನು ಜಿಲ್ಲಾ ಗ್ರಂಥಾಲಯಗಳೋ ವಿಶ್ವವಿದ್ಯಾಲಯಗಳೋ ಪಡೆದು ಕಾಪಾಡಬೇಕು. ಹೊಸದಾಗಿ ಕಲಿಯುವವರು ರೋಲು ಕೊಡುವ ಮೊದಲೇ ‘ನೆಗೆಟಿವ್ ವಾಪಸು ಬೇಕು’ ಎಂದು ರಸೀದಿಯ ಮೇಲೆ ಬರೆಸಿಕೊಳ್ಳಬೇಕು.

ಇನ್ನೂ ಉತ್ತಮವೆಂದರೆ ಕಪ್ಪು-ಬಿಳುಪು ಫಿಲ್ಮನ್ನು ಮನೆಯಲ್ಲೇ ಡೆವಲಪ್ ಮಾಡುವುದು. ಬೆಳಕು ನುಗ್ಗದ ಒಂದು ಟ್ಯಾಂಕು, ಥರ್ಮಾಮೀಟರು, ಡೆವಲಪರು, ಫಿಕ್ಸರು ಇದ್ದರಾಯಿತು. ದ್ರಾವಣ 20 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಸಾಮಾನ್ಯ ನಿಯಮ. ನಮ್ಮ ಬೇಸಿಗೆಯ ನಲ್ಲಿ ನೀರಿಗೆ ಮಂಜುಗಡ್ಡೆಯ ಆಸರೆ ಬೇಕಾದೀತು. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿಯ ಅಂಶವಿರುವುದರಿಂದ ಅದನ್ನು ಚರಂಡಿಗೋ ಗಿಡದ ಬುಡಕ್ಕೋ ಸುರಿಯುವಂತಿಲ್ಲ. ಕ್ಯಾನಿನಲ್ಲಿ ಕೂಡಿಟ್ಟು, ಬೆಳ್ಳಿ ಬೇರ್ಪಡಿಸುವ ವ್ಯವಸ್ಥೆಯಿರುವವರಿಗೆ ಕೊಡಬೇಕು.

ನಮ್ಮ ಹುಡುಗಿ ಈಗ ಹಾಗೆಯೇ ಮಾಡುತ್ತಿದ್ದಾಳೆ. ಎರಡನೆಯ ರೋಲನ್ನು ನಮ್ಮ ಬಚ್ಚಲುಮನೆಯಲ್ಲೇ ತೊಳೆದು, ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ಪು ಹಾಕಿ ತೂಗುಬಿಟ್ಟಳು. 36ರಲ್ಲಿ ನೆಟ್ಟಗೆ ಬಂದದ್ದು ಒಂಬತ್ತು. ಅಜ್ಜಿಯನ್ನು ಮತ್ತೊಮ್ಮೆ ಹಣತೆಯ ಮುಂದೆ ಕೂರಿಸಿದ್ದಳು. ಒಂದು ಕೆನ್ನೆ, ಮೂಗುತಿ, ಬತ್ತಿಯ ಮೇಲಿನ ಬೆರಳು ಇಷ್ಟು ಮಾತ್ರ ಕಾಣುತ್ತವೆ. ‘ಕರೆಂಟು ಬರೋದಕ್ಕೆ ಮುಂಚೆ ನಮ್ಮನೆ ಹೀಗೇ ಇತ್ತು ಕಣೇ’ ಎಂದರು ನನ್ನ ತಾಯಿ. ಆ ಪಟ್ಟಿಯನ್ನು ಆರಾರು ಚಿತ್ರಗಳಂತೆ ಕತ್ತರಿಸಿ, ಕವರಿಗೆ ಹಾಕಿ, ಮೇಲೆ ತಾರೀಕು ಬರೆದು ಬೀರುವಿನಲ್ಲಿಟ್ಟಿದ್ದೇವೆ. ಹಳೆಯ ಕ್ಯಾಮೆರಾ ಹಿಡಿಯಹೊರಟ ಪ್ರತಿಯೊಬ್ಬರೂ ಮೊದಲು ರೂಢಿಸಿಕೊಳ್ಳಬೇಕಾದ ಅಭ್ಯಾಸ ಇದು.